ಬೇಯಿಸಿದರೆ ಸತ್ವ ಹೋಗುತ್ತದೆಯೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಹಣ್ಣು, ತರಕಾರಿ, ಧಾನ್ಯ, ಪಾನೀಯಗಳಲ್ಲಿರುವ ಸಸ್ಯಜನ್ಯ ಸತ್ವಗಳು ಅಡುಗೆಯಲ್ಲಿ, ಕಾರ್ಖಾನೆಯಲ್ಲಿ ಏನಾಗುತ್ತವೆ ಎಂದು ಕೇಳಿದ ಪತ್ರಗಳು ಕೆಲವು ತಿಂಗಳುಗಳಿಂದ ಬರುತ್ತಲೇ ಇವೆ. ಅವುಗಳಲ್ಲಿ ಎಂಟನ್ನು ಆರಿಸಿ ಈ ಬಾರಿ ಒಟ್ಟಿಗೆ ಉತ್ತರಿಸಿದ್ದೇನೆ. ಬಿಡಿಬಿಡಿಯಾಗಿ ಉತ್ತರಿಸಿದ್ದರೆ ಒಬ್ಬರಿಗೆ ‘ಚೆನ್ನಾಗಿ ಬೇಯಿಸಿ’ ಎಂದೂ ಇನ್ನೊಬ್ಬರಿಗೆ ‘ಹೆಚ್ಚು ಬೇಯಿಸಬೇಡಿ’ ಎಂದೂ ಹೇಳಿದಂತಾಗಿ, ನನ್ನ ಮಾತೇ ಒಂದಕ್ಕೊಂದು ಹೊಂದುವುದಿಲ್ಲವೆಂದು ತೋರಬಹುದಿತ್ತು. ಎರಡೂ ಸರಿಯೆ, ಯಾವ ಸತ್ವದ ಮಾತು ಆಡುತ್ತಿದ್ದೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಪ್ರಶ್ನೆ: ಎರಡು ವರ್ಷಗಳಿಂದ ನಾನು ಬಹುಪಾಲು ಹಸಿ ತರಕಾರಿಗಳನ್ನೇ ತಿನ್ನುತ್ತಿದ್ದೇನೆ. ಬೆಂಕಿ ಸೋಕಿದ ಕೂಡಲೇ ಆಹಾರದ ಸತ್ವವೆಲ್ಲ ನಾಶವಾಗುತ್ತದೆ ಎಂದು ಓದಿದ್ದೇ ಇದಕ್ಕೆ ಕಾರಣ. ನನ್ನ ಮಗಳು ಇದನ್ನು ಒಪ್ಪುವುದಿಲ್ಲ. ನಮ್ಮಿಬ್ಬರಲ್ಲಿ ಯಾರ ಮಾತು ಸರಿ?

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ಹೆಚ್ಚು ತೂಕವಿದೆ. ನೀವು ಓದಿದ ಮಾತು ಕೆಲವು ಸತ್ವಗಳಿಗಷ್ಟೇ ಒಪ್ಪುವಂಥದ್ದು. ಅದನ್ನು ಎಲ್ಲಕ್ಕೂ ಅನ್ವಯಿಸಿದ್ದರಿಂದ ತಪ್ಪಾಗಿದೆ. ಸಸ್ಯಗಳು ಬಿಸಿಲಿನಿಂದ, ಕೀಟಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸಿಕೊಳ್ಳುವ ಸಂಯುಕ್ತಗಳು ಸಾವಿರಾರು ಇವೆ. ಟೊಮೆಟೊದ ಕೆಂಪು, ಕ್ಯಾರೆಟ್ಟಿನ ಕೇಸರಿ ಬಣ್ಣಗಳು ಕೆರೋಟಿನಾಯ್ಡ್‌ಗಳಿಂದ ಬಂದವು. ನೇರಳೆ ಬಣ್ಣದ ಹಣ್ಣುಗಳಲ್ಲಿರುವುದು ಆಂಥೋಸಯನಿನ್. ನಾಲಿಗೆಯನ್ನು ಹಿಡಿದಂತೆ ಮಾಡುವ ಒಗರಿನ ಹಿಂದೆ ಪಾಲಿಫಿನಾಲ್‌ಗಳಿವೆ. ಬೆಳ್ಳುಳ್ಳಿ, ಸಾಸಿವೆಗಳ ಘಾಟಿಗೆ ಕಾರಣ ಗಂಧಕವುಳ್ಳ ಸಂಯುಕ್ತಗಳು. ಇವುಗಳಲ್ಲಿ ಕೆಲವು ನೀರಿನಲ್ಲಿ ಕರಗುತ್ತವೆ, ಕೆಲವು ಎಣ್ಣೆಯಲ್ಲಿ ಮಾತ್ರ ಕರಗುತ್ತವೆ. ಕೆಲವು ಬಿಸಿಗೆ ಬೇಗ ಕೆಡುತ್ತವೆ, ಕೆಲವು ಗಂಟೆಗಟ್ಟಲೆ ತಾಳುತ್ತವೆ. ಕೆಲವಂತೂ ಕೋಶಭಿತ್ತಿಯೊಳಗೆ ಎಷ್ಟು ಭದ್ರವಾಗಿ ಸಿಕ್ಕಿಕೊಂಡಿರುತ್ತವೆಂದರೆ, ಬೆಂಕಿ ಆ ಭಿತ್ತಿಯನ್ನು ಸಡಿಲಿಸುವವರೆಗೆ ನಮ್ಮ ಕರುಳಿಗೆ ಅವು ಎಟುಕುವುದೇ ಇಲ್ಲ.

ಇದಕ್ಕೆ ಟೊಮೆಟೊಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೊಮೆಟೊವನ್ನು 88 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 2, 15 ಮತ್ತು 30 ನಿಮಿಷ ಇಟ್ಟು ಅಳೆದರು. ವಿಟಮಿನ್ ಸಿ ಕ್ರಮವಾಗಿ ಸುಮಾರು ಶೇ 10, 15 ಮತ್ತು 29ರಷ್ಟು ಇಳಿಯಿತು. ಆದರೆ ಅದೇ ಟೊಮೆಟೊದಿಂದ ಹೊರತೆಗೆಯಲು ಸಿಕ್ಕ ಲೈಕೋಪೀನ್, ಅಂದರೆ ಆ ಕೆಂಪು ಬಣ್ಣದ ಕೆರೋಟಿನಾಯ್ಡ್, 15 ನಿಮಿಷಗಳ ಹೊತ್ತಿಗೆ ಹಸಿ ಟೊಮೆಟೊದಲ್ಲಿ ಸಿಕ್ಕಿದ್ದಕ್ಕಿಂತ ಎರಡೂವರೆ ಪಟ್ಟು ಮೀರಿತ್ತು. ಬೆಂಕಿ ಹೊಸದಾಗಿ ಲೈಕೋಪೀನನ್ನು ಸೃಷ್ಟಿಸಲಿಲ್ಲ. ಒಳಗೆ ಸಿಕ್ಕಿಕೊಂಡಿದ್ದುದನ್ನು ಬಿಡಿಸಿತು. ಒಂದೇ ಪಾತ್ರೆಯಲ್ಲಿ, ಒಂದೇ ಹೊತ್ತಿನಲ್ಲಿ ಒಂದು ಸತ್ವ ಕಡಿಮೆಯಾಗುತ್ತ ಇನ್ನೊಂದು ಕೈಗೆ ಸಿಗುತ್ತ ಹೋಗುವುದನ್ನು ಈ ಅಂಕಿಗಳು ತೋರಿಸುತ್ತವೆ.

ಪಾತ್ರೆಯಲ್ಲಿ ಸಿಕ್ಕಿದ್ದು ರಕ್ತಕ್ಕೂ ಸೇರುತ್ತದೆಯೆ ಎಂದು ನೀವು ಕೇಳಬಹುದು, ಕೇಳಲೇಬೇಕು. ಜರ್ಮನಿಯ ವಿಜ್ಞಾನಿಗಳು 1997ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದೇ ಪ್ರಮಾಣದ ಲೈಕೋಪೀನ್ ಇರುವಂತೆ ಅಳೆದು, ಜೊತೆಗೆ ಅಷ್ಟೇ ಎಣ್ಣೆ ಕೊಟ್ಟು, ತಾಜಾ ಟೊಮೆಟೊ ಮತ್ತು ಬೇಯಿಸಿ ಗಟ್ಟಿ ಮಾಡಿದ ಟೊಮೆಟೊ ಪೇಸ್ಟನ್ನು ಹೋಲಿಸಿದಾಗ, ಪೇಸ್ಟ್ ತಿಂದವರ ರಕ್ತದಲ್ಲಿ ಲೈಕೋಪೀನಿನ ಗರಿಷ್ಠ ಮಟ್ಟ ಎರಡೂವರೆ ಪಟ್ಟು ಹೆಚ್ಚಾಗಿತ್ತು. ಅದೇ ದೇಶದಲ್ಲಿ ದೀರ್ಘಕಾಲದಿಂದ ಹಸಿ ಆಹಾರವನ್ನೇ ಕಟ್ಟುನಿಟ್ಟಾಗಿ ಸೇವಿಸುತ್ತಿದ್ದ 198 ಮಂದಿಯ ರಕ್ತವನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿ ನಿಮಗೆ ನೇರವಾಗಿ ಸಂಬಂಧಿಸಿದ್ದು: ಅವರಲ್ಲಿ ಕ್ಯಾರೆಟ್ಟಿನಲ್ಲಿರುವ ಬೀಟಾ ಕೆರೋಟಿನ್ ಎಂಬ ಕೆರೋಟಿನಾಯ್ಡಿನ ಮಟ್ಟ ಚೆನ್ನಾಗಿತ್ತು, ಲೈಕೋಪೀನ್ ಮಟ್ಟ ಮಾತ್ರ ಕಡಿಮೆಯಿತ್ತು.

ಎಣ್ಣೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಹಸಿ ತರಕಾರಿ ತಿನ್ನುವವರಲ್ಲಿ ಅನೇಕರು ಎಣ್ಣೆಯನ್ನೂ ದೂರವಿಡುತ್ತಾರೆ. ಕೆರೋಟಿನಾಯ್ಡ್‌ಗಳು ಕೊಬ್ಬಿನಲ್ಲಿ ಕರಗಿ ಕೊಬ್ಬಿನ ಜೊತೆಗೇ ಕರುಳಿನಿಂದ ಹೀರಲ್ಪಡುವಂಥವು. ಅಮೆರಿಕದ ಅಯೋವಾ ರಾಜ್ಯದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊಬ್ಬಿನಂಶವೇ ಇಲ್ಲದ ಮಸಾಲೆ ಬೆರೆಸಿ ಹಸಿ ತರಕಾರಿ ತಿಂದವರ ರಕ್ತಕ್ಕೆ ಕೆರೋಟಿನಾಯ್ಡ್ ಸೇರಿದ್ದು ಇಲ್ಲವೆನ್ನುವಷ್ಟು ಕಡಿಮೆ. ಎಣ್ಣೆ ಹೆಚ್ಚಿದಂತೆ ಹೀರಿಕೆಯೂ ಹೆಚ್ಚಿತು. ಹಸಿ ಕ್ಯಾರೆಟ್ ತುರಿಗೆ ಒಂದೆರಡು ಚಮಚ ಎಣ್ಣೆ ಬೆರೆಸಿಕೊಳ್ಳುವುದನ್ನು ದಯವಿಟ್ಟು ತಪ್ಪೆಂದು ಭಾವಿಸಬೇಡಿ.

ಹಾಗಾದರೆ ಬೆಂಕಿಗೆ ಅಂಜಬೇಕಾದದ್ದು ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಅಡುಗೆಮನೆಯಲ್ಲಿ ಸತ್ವವನ್ನು ಹೆಚ್ಚು ಕಳೆಯುವುದು ಬೆಂಕಿಯಲ್ಲ, ಚೆಲ್ಲುವ ನೀರು. ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ಕೋಸಿನ ಜಾತಿಯ ತರಕಾರಿಗಳನ್ನು ಅರ್ಧ ಗಂಟೆ ನೀರಿನಲ್ಲಿ ಕುದಿಸಿ ಅಳೆದಾಗ, ಅವುಗಳಲ್ಲಿನ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ಸತ್ವದ ನಷ್ಟ ಬ್ರೊಕೊಲಿಯಲ್ಲಿ ಶೇ 77, ಹೂಕೋಸಿನಲ್ಲಿ ಶೇ 75, ಹಸಿರು ಎಲೆಕೋಸಿನಲ್ಲಿ ಶೇ 65ರಷ್ಟಿತ್ತು. ಅದೇ ತರಕಾರಿಗಳನ್ನು ಹಬೆಯಲ್ಲಿ ಬೇಯಿಸಿದಾಗ ಅಥವಾ ಬಾಣಲೆಯಲ್ಲಿ ಬೇಗನೆ ಬಾಡಿಸಿದಾಗ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಕುದಿಸಿದಾಗ ಹೋದ ಸತ್ವದ ಬಹುಪಾಲು ಆ ನೀರಿನಲ್ಲೇ ಇತ್ತು. ಆದ್ದರಿಂದ ಬೇಯಿಸಿದ ನೀರನ್ನು ಬಸಿದು ಚೆಲ್ಲುವ ಬದಲು ಸಾರಿನಲ್ಲೋ ಸೂಪಿನಲ್ಲೋ ಉಪಯೋಗಿಸಿ.

ನೀವು ಹಸಿ ತರಕಾರಿಯನ್ನು ಪೂರ್ತಿ ಬಿಡಬೇಕಾಗಿಲ್ಲ. ವಿಟಮಿನ್ ಸಿ ದೃಷ್ಟಿಯಿಂದ ಅದು ಒಳ್ಳೆಯದೇ. ದಿನದ ಊಟದಲ್ಲಿ ಅರ್ಧದಷ್ಟಾದರೂ ಬೇಯಿಸಿದ್ದು ಇರಲಿ. ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು: ರಾಜ್ಮಾದಂಥ ಕಾಳುಗಳನ್ನು ಹಸಿಯಾಗಿ ಅಥವಾ ಅರೆಬೆಂದಂತೆ ತಿನ್ನಲೇಬಾರದು. ಅವುಗಳಲ್ಲಿನ ಲೆಕ್ಟಿನ್ ಎಂಬ ಪ್ರೋಟೀನು ವಾಂತಿ, ಭೇದಿ ಉಂಟುಮಾಡುತ್ತದೆ. ಚೆನ್ನಾಗಿ ಕುದಿಸಿದಾಗ ಮಾತ್ರ ಅದು ನಾಶವಾಗುತ್ತದೆ.

ಪ್ರಶ್ನೆ: ಬೆಳ್ಳುಳ್ಳಿಯನ್ನು ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ಒಗ್ಗರಣೆಗೆ ಹಾಕಬೇಕು ಎಂದು ಗೆಳತಿಯೊಬ್ಬರು ಹೇಳಿದರು. ಇದಕ್ಕೆ ಆಧಾರವಿದೆಯೆ? ಬ್ರೊಕೊಲಿಗೂ ಇದೇ ನಿಯಮವೆ?

ಉತ್ತರ: ಆಧಾರವಿದೆ, ಅದರ ಹಿಂದಿನ ರಸಾಯನಕ್ರಿಯೆಯೂ ಬಹಳ ಸೊಗಸಾದದ್ದು. ಇಡಿಯಾಗಿರುವ ಬೆಳ್ಳುಳ್ಳಿಯ ಎಸಳಿಗೆ ಅಷ್ಟಾಗಿ ಘಾಟಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಅದರಲ್ಲಿ ಅಲಿಯಿನ್ ಎಂಬ ವಸ್ತು ಒಂದು ಕಡೆ, ಅದನ್ನು ಒಡೆಯುವ ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಂತೆ ಇರುತ್ತವೆ. ಜಜ್ಜಿದಾಗ ಗೋಡೆಗಳು ಒಡೆದು ಎರಡೂ ಸೇರುತ್ತವೆ. ಆಗ ಹುಟ್ಟುವುದೇ ಅಲಿಸಿನ್, 1944ರಲ್ಲಿ ಪ್ರತ್ಯೇಕಿಸಲಾದ ಆ ಘಾಟಿನ ಸಂಯುಕ್ತ. ಕಿಣ್ವವೆಂದರೆ ಪ್ರೋಟೀನು, ಬಿಸಿ ತಾಗಿದರೆ ಅದರ ಕೆಲಸ ನಿಂತುಹೋಗುತ್ತದೆ. ಜಜ್ಜಿದ ಕೂಡಲೇ ಕಾದ ಎಣ್ಣೆಗೆ ಹಾಕಿದರೆ ಅಲಿಸಿನ್ ಪೂರ್ತಿಯಾಗಿ ಹುಟ್ಟುವ ಮೊದಲೇ ಕಿಣ್ವ ಸತ್ತಿರುತ್ತದೆ. ಸಿಪ್ಪೆಯೊಡನೆ ಇಡಿಯಾಗಿ ಸುಟ್ಟ ಬೆಳ್ಳುಳ್ಳಿ ಸಿಹಿಯಾಗಿ, ಮೆತ್ತಗೆ ಇರುವುದಕ್ಕೂ ಇದೇ ಕಾರಣ. ಪ್ರಯೋಗಾಲಯದ ಪ್ರಾಣಿಗಳ ಮೇಲೆ ನಡೆದು 2001ರಲ್ಲಿ ವರದಿಯಾದ ಅಧ್ಯಯನವೊಂದರಲ್ಲಿ, ಮೈಕ್ರೋವೇವ್ ಒಲೆಯಲ್ಲಿ ಕೇವಲ 60 ಸೆಕೆಂಡು ಇಟ್ಟ ಬೆಳ್ಳುಳ್ಳಿ ತನ್ನ ರಕ್ಷಣಾ ಗುಣವನ್ನು ಕಳೆದುಕೊಂಡಿತು. ಜಜ್ಜಿ 10 ನಿಮಿಷ ಬಿಟ್ಟು ನಂತರ ಬಿಸಿಮಾಡಿದಾಗ ಆ ಗುಣ ಒಂದಿಷ್ಟು ಉಳಿಯಿತು. ಗೆಳತಿಯ ಮಾತನ್ನು ಪಾಲಿಸಿ, ನಷ್ಟವೇನೂ ಇಲ್ಲ.

ಬ್ರೊಕೊಲಿ, ಎಲೆಕೋಸು, ಮೂಲಂಗಿ, ಸಾಸಿವೆ ಒಂದೇ ಸಸ್ಯಕುಟುಂಬದವು, ಅವುಗಳಲ್ಲಿಯೂ ಇಂಥದೇ ಎರಡು ಕೋಣೆಗಳ ಏರ್ಪಾಡಿದೆ. ಬ್ರೊಕೊಲಿಯಲ್ಲಿರುವ ಗ್ಲುಕೋರಾಫನಿನ್ ಎಂಬುದನ್ನು ಮೈರೋಸಿನೇಸ್ ಎಂಬ ಕಿಣ್ವ ಒಡೆದಾಗ ಸಲ್ಫೋರಾಫೇನ್ ಹುಟ್ಟುತ್ತದೆ. ಇದು ನಮ್ಮ ದೇಹದ ವಿಷನಿವಾರಕ ಕಿಣ್ವಗಳನ್ನು ಚುರುಕುಗೊಳಿಸುತ್ತದೆ ಎಂದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ಟ್ಯಾಲಲೆ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದ ಮೇಲೆ ಬ್ರೊಕೊಲಿಗೆ ಇಷ್ಟು ಹೆಸರು ಬಂತು. ಹೆಚ್ಚಿ ಮುಕ್ಕಾಲು ಗಂಟೆ ಬಿಟ್ಟು ಬೇಯಿಸಿದರೆ, ಅಥವಾ ಎರಡು ಮೂರು ನಿಮಿಷ ಮಾತ್ರ ಹಬೆಯಲ್ಲಿಟ್ಟರೆ, ಸಾಕಷ್ಟು ಸಲ್ಫೋರಾಫೇನ್ ಸಿಗುತ್ತದೆ. ಮೆತ್ತಗಾಗುವವರೆಗೆ ಬೇಯಿಸಿಯೇ ತಿನ್ನಬೇಕೆನ್ನುವವರಿಗೂ ದಾರಿಯಿದೆ: ಬಡಿಸುವ ಮುನ್ನ ಮೇಲೆ ಚಿಟಿಕೆ ಸಾಸಿವೆ ಪುಡಿ ಉದುರಿಸಿ. ಹುರಿಯದ ಸಾಸಿವೆಯಲ್ಲಿ ಅದೇ ಕಿಣ್ವ ಇನ್ನೂ ಜೀವಂತವಾಗಿರುತ್ತದೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 200 ಗ್ರಾಂ ಬೆಂದ ಬ್ರೊಕೊಲಿಗೆ ಒಂದೇ ಗ್ರಾಂ ಸಾಸಿವೆ ಪುಡಿ ಸೇರಿಸಿದಾಗ, ತಿಂದವರ ದೇಹಕ್ಕೆ ದೊರೆತ ಸಲ್ಫೋರಾಫೇನ್ ನಾಲ್ಕು ಪಟ್ಟಿಗೂ ಹೆಚ್ಚಾಯಿತು. ಒಂದು ತರಕಾರಿಯ ಕಳೆದುಹೋದ ಕಿಣ್ವವನ್ನು ಅದರ ಬಂಧುವಿನಿಂದ ಎರವಲು ತರುವ ಈ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು.

ಪ್ರಶ್ನೆ: ಶೈತ್ಯೀಕರಿಸಿ ಪೊಟ್ಟಣದಲ್ಲಿ ಮಾರುವ ತರಕಾರಿ, ಹಣ್ಣುಗಳಲ್ಲಿ ಸತ್ವ ಉಳಿದಿರುತ್ತದೆಯೆ?

ಉತ್ತರ: ಬಹುಮಟ್ಟಿಗೆ ಉಳಿದಿರುತ್ತದೆ. ತರಕಾರಿಗಳನ್ನು ಹೆಪ್ಪುಗಟ್ಟಿಸುವ ಮೊದಲು ಒಂದೆರಡು ನಿಮಿಷ ಬಿಸಿನೀರಿನಲ್ಲೋ ಹಬೆಯಲ್ಲೋ ಅದ್ದಿ ತೆಗೆಯುತ್ತಾರೆ. ಬಣ್ಣ, ರುಚಿ ಕೆಡಿಸುವ ಕಿಣ್ವಗಳನ್ನು ನಿಲ್ಲಿಸುವುದು ಇದರ ಉದ್ದೇಶ. ನೀರಿನಲ್ಲಿ ಕರಗುವ ಸತ್ವದ ಒಂದು ಪಾಲು ಆಗ ಹೋಗುತ್ತದೆ, ಆದರೆ ನಂತರ ಮೈನಸ್ 18 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ನಷ್ಟ ಬಹಳ ನಿಧಾನ. ಕಿತ್ತು ವಾರ ಕಳೆದ ‘ತಾಜಾ’ ಸೊಪ್ಪಿಗಿಂತ ಕಿತ್ತ ದಿನವೇ ಹೆಪ್ಪುಗಟ್ಟಿಸಿದ ಸೊಪ್ಪು ಎಷ್ಟೋ ಸಲ ಮೇಲು. ಹಿಂದಿನ ಉತ್ತರದ ದೃಷ್ಟಿಯಿಂದ ಒಂದು ಕೊರತೆ ಇದೆ: ಹೀಗೆ ಬಿಸಿನೀರು ಕಂಡ ಬ್ರೊಕೊಲಿಯಲ್ಲಿ ಮೈರೋಸಿನೇಸ್ ಉಳಿದಿರುವುದಿಲ್ಲ, ಅದಕ್ಕೆ ಸಾಸಿವೆ ಪುಡಿಯ ನೆರವು ಬೇಕೇ ಬೇಕು. ಹಣ್ಣುಗಳನ್ನು ಸಾಮಾನ್ಯವಾಗಿ ಬಿಸಿಮಾಡದೆ ಹೆಪ್ಪುಗಟ್ಟಿಸುತ್ತಾರೆ. ಕರಗಿದಾಗ ಇಳಿಯುವ ಬಣ್ಣದ ರಸವನ್ನು ಚೆಲ್ಲಬೇಡಿ, ಆಂಥೋಸಯನಿನ್ ಇರುವುದು ಅದರಲ್ಲಿಯೇ.

ಪ್ರಶ್ನೆ: ಹಣ್ಣು ತಿನ್ನುವುದಕ್ಕೂ ಹಣ್ಣಿನ ರಸ ಕುಡಿಯುವುದಕ್ಕೂ ನಿಜವಾಗಿ ಎಷ್ಟು ವ್ಯತ್ಯಾಸವಿದೆ? ಬೆಳಗಿನ ತಿಂಡಿಗೆ ನಾನು ಬಾಳೆಹಣ್ಣು, ಬೆರ್ರಿ ಹಣ್ಣು ಸೇರಿಸಿ ಮಿಕ್ಸಿಯಲ್ಲಿ ಅರೆದು ಕುಡಿಯುತ್ತೇನೆ. ಅದು ಒಳ್ಳೆಯದೆ?

ಉತ್ತರ: ಯಾವ ಹಣ್ಣು, ಹೇಗೆ ತೆಗೆದ ರಸ ಎಂಬುದನ್ನು ನೋಡಬೇಕು. ಸೇಬಿನ ರಸದ ವಿಷಯದಲ್ಲಿ ವ್ಯತ್ಯಾಸ ಗಾಬರಿಯಾಗುವಷ್ಟು ದೊಡ್ಡದು. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2002ರಲ್ಲಿ ತೋರಿಸಿದಂತೆ, ಸೇಬನ್ನು ಅರೆದು ನೇರವಾಗಿ ಹಿಂಡಿ ತೆಗೆದ ರಸದಲ್ಲಿ ಹಣ್ಣಿನ ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಗುಣದ ಹತ್ತನೆಯ ಒಂದು ಪಾಲು ಮಾತ್ರ ಉಳಿದಿತ್ತು. ಹೆಚ್ಚು ರಸ ಇಳಿಯಲೆಂದು ತಿರುಳಿಗೆ ಕಿಣ್ವ ಬೆರೆಸಿ ತೆಗೆದ ರಸದಲ್ಲಿ ಉಳಿದದ್ದು ಶೇ 3. ಪಾಲಿಫಿನಾಲ್‌ಗಳು ಸಿಪ್ಪೆಗೂ ಹಿಪ್ಪೆಗೂ ಅಂಟಿಕೊಂಡು ಅಲ್ಲಿಯೇ ಉಳಿದುಬಿಡುತ್ತವೆ. ಕನ್ನಡಿಯಂತೆ ತಿಳಿಯಾದ ರಸ ನೋಡಲು ಚೆಂದ, ಆದರೆ ತಿಳಿಯಾಗಿಸುವ ಕ್ರಮವೇ ಉಳಿದ ಪಾಲಿಫಿನಾಲನ್ನೂ ಗಸಿಯೊಡನೆ ಹೊರಹಾಕುತ್ತದೆ. ಕೊಳ್ಳಲೇಬೇಕಾದರೆ ಮಬ್ಬಾಗಿರುವ, ತಳದಲ್ಲಿ ಗಸಿ ಕೂರುವ ರಸವನ್ನು ಕೊಳ್ಳಿ. ಕಣ್ಣಿಗೆ ದೋಷವೆಂದು ತೋರುವುದು ಇಲ್ಲಿ ಗುಣ.

ಕಿತ್ತಳೆಯದು ಬೇರೆ ಕಥೆ. ಅದರ ತಿರುಳಿನ ಪೊರೆಗಳಲ್ಲಿ ಸಿಕ್ಕಿರುವ ಬೀಟಾ ಕ್ರಿಪ್ಟೋಕ್ಸಾಂಥಿನ್ ಎಂಬ ಕೆರೋಟಿನಾಯ್ಡ್, ಹಣ್ಣಿನ ತೊಳೆಗಳನ್ನು ತಿಂದಾಗ ಸಿಗುವುದಕ್ಕಿಂತ ಪಾಶ್ಚರೀಕರಿಸಿದ ರಸ ಕುಡಿದಾಗ ಸುಮಾರು 1.8 ಪಟ್ಟು ಹೆಚ್ಚಾಗಿ ದೇಹಕ್ಕೆ ಸೇರುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಟೊಮೆಟೊದಲ್ಲಿ ಕಂಡ ನಿಯಮವೇ ಇದು: ಪೊರೆ ಒಡೆದಷ್ಟೂ ಕೆರೋಟಿನಾಯ್ಡ್ ಬಿಡುಗಡೆಯಾಗುತ್ತದೆ. ಇದನ್ನು ಓದಿ ಹಣ್ಣು ಬಿಟ್ಟು ಬರೀ ರಸ ಕುಡಿಯುವುದು ಬೇಡ. ನಾರು ಕಳೆದುಕೊಂಡ ರಸದಲ್ಲಿ ಸಕ್ಕರೆ ಬೇಗ ರಕ್ತಕ್ಕೆ ಏರುತ್ತದೆ, ಮೂರು ಹಣ್ಣಿನ ಸಕ್ಕರೆ ಒಂದು ಲೋಟದಲ್ಲಿ ಮುಗಿದುಹೋಗುತ್ತದೆ.

ಇನ್ನು ನಿಮ್ಮ ಬೆಳಗಿನ ಪಾನೀಯ. ಅರೆದು ಸೋಸದೆ ಕುಡಿಯುವುದರಿಂದ ಸಿಪ್ಪೆ, ನಾರು ಎಲ್ಲ ಉಳಿಯುತ್ತವೆ, ಆ ಮಟ್ಟಿಗೆ ಇದು ಹಿಂಡಿದ ರಸಕ್ಕಿಂತ ಮೇಲು. ಆದರೆ ಬೆರ್ರಿಯ ಫ್ಲೇವನಾಲ್ ಎಂಬ ಪಾಲಿಫಿನಾಲ್‌ಗಳು ಬೇಕೆಂದು ಕುಡಿಯುತ್ತಿದ್ದರೆ ಬಾಳೆಹಣ್ಣು ಒಳ್ಳೆಯ ಜೊತೆಯಲ್ಲ. ಕತ್ತರಿಸಿಟ್ಟ ಬಾಳೆಹಣ್ಣು ಬೇಗನೆ ಕಂದುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವದಿಂದ. ಅದು ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಫ್ಲೇವನಾಲ್‌ಗಳನ್ನು ಬೇರೆಯಾಗಿ ಮಾರ್ಪಡಿಸುತ್ತದೆ. ಮಿಕ್ಸಿ ಗಾಳಿಯನ್ನೂ ಕಿಣ್ವವನ್ನೂ ಚೆನ್ನಾಗಿ ಬೆರೆಸಿಕೊಡುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ಮತ್ತು ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯಗಳ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಬಾಳೆಹಣ್ಣು ಸೇರಿಸಿದ ಪಾನೀಯ ಕುಡಿದವರ ದೇಹದಲ್ಲಿ ಕಂಡ ಫ್ಲೇವನಾಲ್ ಮಟ್ಟ ಮಾತ್ರೆಯ ಮೂಲಕ ಪಡೆದದ್ದಕ್ಕಿಂತ ಶೇ 84ರಷ್ಟು ಕಡಿಮೆಯಿತ್ತು. ಬರೀ ಬೆರ್ರಿಗಳ ಪಾನೀಯದಲ್ಲಿ ಇಂಥ ಇಳಿಕೆ ಕಾಣಲಿಲ್ಲ. ಪಾಲ್ಗೊಂಡವರು ಎಂಟೇ ಮಂದಿಯಾದರೂ ಕಾರಣ ಸ್ಪಷ್ಟವಾಗಿರುವುದರಿಂದ ನಾನು ಇದನ್ನು ನಂಬುತ್ತೇನೆ. ಬಾಳೆಹಣ್ಣು ಸ್ವತಃ ಒಳ್ಳೆಯ ಆಹಾರ; ಅದನ್ನು ಬೇರೆ ಹೊತ್ತಿನಲ್ಲಿ ತಿನ್ನಿ. ಬೆರ್ರಿಗಳ ಜೊತೆಗೆ ಅನಾನಸ್, ಕಿತ್ತಳೆ, ಮೊಸರು ಹೊಂದುತ್ತವೆ.

ಪ್ರಶ್ನೆ: ಹಸಿರು ಚಹಾ ಮಾತ್ರ ಆರೋಗ್ಯಕರ, ಕಪ್ಪು ಚಹಾ ಮತ್ತು ಕಾಫಿಯಲ್ಲಿ ಏನೂ ಇಲ್ಲ ಎನ್ನುತ್ತಾರೆ. ನಿಜವೆ? ಚಹಾಕ್ಕೆ ಹಾಲು ಬೆರೆಸಿದರೆ ಎಲ್ಲ ವ್ಯರ್ಥವೆ? ಬಾಟಲಿಯಲ್ಲಿ ಬರುವ ಚಹಾ ಹೇಗೆ?

ಉತ್ತರ: ಹಸಿರು ಮತ್ತು ಕಪ್ಪು ಚಹಾ ಎರಡೂ ಒಂದೇ ಗಿಡದ ಎಲೆಗಳು. ಕಿತ್ತ ಎಲೆಯನ್ನು ಬೇಗನೆ ಹಬೆಗೋ ಕಾದ ಬಾಣಲೆಗೋ ಒಡ್ಡಿದರೆ ಕಿಣ್ವ ನಿಂತು ಎಲೆ ಹಸಿರಾಗಿಯೇ ಒಣಗುತ್ತದೆ, ಕ್ಯಾಟೆಚಿನ್ ಎಂಬ ಪಾಲಿಫಿನಾಲ್‌ಗಳು ಉಳಿಯುತ್ತವೆ. ಎಲೆಯನ್ನು ಹೊಸೆದು ಗಾಳಿಗೆ ಬಿಟ್ಟರೆ, ಬಾಳೆಹಣ್ಣನ್ನು ಕಂದಿಸುವಂಥದೇ ಕಿಣ್ವ ಕ್ಯಾಟೆಚಿನ್‌ಗಳನ್ನು ಜೋಡಿಸಿ ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ದೊಡ್ಡ ಅಣುಗಳನ್ನಾಗಿ ಮಾಡುತ್ತದೆ. ಕಪ್ಪು ಚಹಾದ ಕೆಂಪು ಬಣ್ಣ, ಚುರುಕಾದ ರುಚಿ ಇವುಗಳ ಕೊಡುಗೆ. ಕ್ಯಾಟೆಚಿನ್ ಕಡಿಮೆಯಾಯಿತು ಎನ್ನುವುದು ಸರಿ, ಏನೂ ಉಳಿಯಲಿಲ್ಲ ಎನ್ನುವುದು ತಪ್ಪು. ಪಾಲಿಫಿನಾಲ್ ತನ್ನ ರೂಪ ಬದಲಿಸಿಕೊಂಡಿದೆ, ಅಷ್ಟೆ.

ಹಾಲಿನ ವಿಷಯದಲ್ಲಿ ಅಧ್ಯಯನಗಳು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಬರ್ಲಿನ್ನಿನಲ್ಲಿ 16 ಮಹಿಳೆಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಪ್ಪು ಚಹಾದಿಂದ ರಕ್ತನಾಳಗಳು ಹಿಗ್ಗುವ ಒಳ್ಳೆಯ ಪರಿಣಾಮ ಹಾಲು ಬೆರೆಸಿದಾಗ ಕಾಣಲಿಲ್ಲ. ಅದಕ್ಕೂ ಮೊದಲೇ, ಹಾಲು ಬೆರೆಸಿದರೂ ರಕ್ತದ ಕ್ಯಾಟೆಚಿನ್ ಮಟ್ಟ ಇಳಿಯುವುದಿಲ್ಲವೆಂದು ತೋರಿಸಿದ ಅಧ್ಯಯನವೂ ಇತ್ತು. ಹಾಲಿನ ಚಹಾ ಇಷ್ಟವಿದ್ದವರು ಇದರಿಂದ ಮನಸ್ಸು ಕೆಡಿಸಿಕೊಳ್ಳಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ. ಹಾಲಿಲ್ಲದ ಹಸಿರು ಚಹಾ ಕುಡಿಯುವವರು ನಿಂಬೆರಸ ಹಿಂಡಿಕೊಳ್ಳಬಹುದು: ಕರುಳಿನ ಹುಳಿಯಿಲ್ಲದ ವಾತಾವರಣದಲ್ಲಿ ಕ್ಯಾಟೆಚಿನ್‌ಗಳು ಬೇಗ ಕೆಡುತ್ತವೆ, ನಿಂಬೆಯಂಥ ಹಣ್ಣುಗಳ ರಸ ಅವನ್ನು ಕಾಪಾಡುತ್ತದೆ ಎಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ 2007ರಲ್ಲಿ ಕಂಡುಬಂದಿದೆ.

ಬಾಟಲಿ ಚಹಾದ ಬಗ್ಗೆ ನನಗೆ ಒಳ್ಳೆಯ ಮಾತು ಹೇಳಲಾಗುವುದಿಲ್ಲ. ಅಮೆರಿಕದಲ್ಲಿ ಮಾರಾಟದಲ್ಲಿದ್ದ ಆರು ಬಗೆಯ ಬಾಟಲಿ ಚಹಾಗಳನ್ನು ಪರೀಕ್ಷಿಸಿ 2010ರಲ್ಲಿ ಮಂಡಿಸಿದ ವರದಿಯಂತೆ, ಸುಮಾರು ಅರ್ಧ ಲೀಟರಿನ ಒಂದು ಬಾಟಲಿಯಲ್ಲಿ ಪಾಲಿಫಿನಾಲ್ 3ರಿಂದ 81 ಮಿಲಿಗ್ರಾಂವರೆಗೆ ಮಾತ್ರ ಇತ್ತು; ಮನೆಯಲ್ಲಿ ಕುದಿಸಿದ ಒಂದೇ ಕಪ್ಪಿನಲ್ಲಿ 50ರಿಂದ 150 ಮಿಲಿಗ್ರಾಂ ಇರುತ್ತದೆ. ಒಗರು, ಕಹಿ ಜನಕ್ಕೆ ಹಿಡಿಸುವುದಿಲ್ಲವೆಂದು ಅದನ್ನು ತಗ್ಗಿಸಿ ಸಕ್ಕರೆ ಸೇರಿಸುತ್ತಾರೆ. ಒಗರು ಹೋದರೆ ಪಾಲಿಫಿನಾಲೂ ಹೋಯಿತೆಂದೇ ತಿಳಿಯಬೇಕು.

ಕಾಫಿಯ ಮುಖ್ಯ ಪಾಲಿಫಿನಾಲ್ ಕ್ಲೋರೋಜೆನಿಕ್ ಆಮ್ಲ. ಬೀಜವನ್ನು ಹೆಚ್ಚು ಹುರಿದಷ್ಟೂ ಅದು ಕಡಿಮೆಯಾಗುತ್ತದೆ, ಆದ್ದರಿಂದ ಹದವಾಗಿ ಹುರಿದ ಕಾಫಿಯಲ್ಲಿ ಕಪ್ಪಗೆ ಹುರಿದದ್ದಕ್ಕಿಂತ ಹೆಚ್ಚಿರುತ್ತದೆ. ಹುರಿಯುವಾಗ ಲಾಭವೂ ಉಂಟು: ಟ್ರೈಗೊನೆಲಿನ್ ಎಂಬ ವಸ್ತುವಿನ ಒಂದು ಪಾಲು ನಯಾಸಿನ್ ಎಂಬ ಜೀವಸತ್ವವಾಗುತ್ತದೆ. ಕೊಲೆಸ್ಟರಾಲ್ ಹೆಚ್ಚಿರುವವರು ಕಾಗದದ ಸೋಸುಕದಲ್ಲಿ ಇಳಿಸಿದ ಕಾಫಿ ಕುಡಿಯುವುದು ಉತ್ತಮ, ಏಕೆಂದರೆ ಕೊಲೆಸ್ಟರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಎಣ್ಣೆಯಂಶವನ್ನು ಕಾಗದ ಹಿಡಿದಿಡುತ್ತದೆ. ರಕ್ತಹೀನತೆ ಇರುವವರು ಚಹಾ, ಕಾಫಿಗಳನ್ನು ಊಟದ ಜೊತೆಗೆ ಕುಡಿಯದೆ ಒಂದು ಗಂಟೆ ಅಂತರ ಇಟ್ಟುಕೊಳ್ಳಬೇಕು. ಇವೇ ಪಾಲಿಫಿನಾಲ್‌ಗಳು ಸಸ್ಯಾಹಾರದ ಕಬ್ಬಿಣಾಂಶಕ್ಕೆ ಅಂಟಿಕೊಂಡು ಅದರ ಹೀರಿಕೆಯನ್ನು ತಡೆಯುತ್ತವೆ.

ಪ್ರಶ್ನೆ: ಚಾಕೊಲೇಟ್ ಕಪ್ಪಾದಷ್ಟೂ ಹೃದಯಕ್ಕೆ ಒಳ್ಳೆಯದೆ?

ಉತ್ತರ: ಬಣ್ಣವನ್ನು ನಂಬಬೇಡಿ. ಕೋಕೋ ಬೀಜದ ಫ್ಲೇವನಾಲ್‌ಗಳು ಹುದುಗು ಬರಿಸುವಾಗ ಒಂದಿಷ್ಟು, ಹುರಿಯುವಾಗ ಒಂದಿಷ್ಟು ಹೋಗುತ್ತವೆ. ದೊಡ್ಡ ಹೊಡೆತ ಬೀಳುವುದು ಕ್ಷಾರ ಬೆರೆಸಿದಾಗ. ಹತ್ತೊಂಬತ್ತನೆಯ ಶತಮಾನದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ರೂಢಿಗೆ ಬಂದ ಈ ಕ್ರಮದಿಂದ ಕೋಕೋ ಪುಡಿಯ ಹುಳಿ, ಒಗರು ತಗ್ಗಿ, ಬಣ್ಣ ಗಾಢವಾಗಿ, ಹಾಲಿನಲ್ಲಿ ಸುಲಭವಾಗಿ ಬೆರೆಯುತ್ತದೆ. 2008ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ, ಕ್ಷಾರ ಬೆರೆಸದ ಕೋಕೋ ಪುಡಿಯ ಒಂದು ಗ್ರಾಮಿನಲ್ಲಿ ಸರಾಸರಿ 34.6 ಮಿಲಿಗ್ರಾಂ ಫ್ಲೇವನಾಲ್ ಇದ್ದರೆ, ಸ್ವಲ್ಪ ಬೆರೆಸಿದ್ದರಲ್ಲಿ 13.8, ಹೆಚ್ಚು ಬೆರೆಸಿದ್ದರಲ್ಲಿ ಕೇವಲ 3.9 ಮಿಲಿಗ್ರಾಂ ಇತ್ತು. ಅತ್ಯಂತ ಕಪ್ಪಾದ ಪುಡಿಯೇ ಅತ್ಯಂತ ಬಡವಾಗಿರಬಹುದು ಎಂದಾಯಿತು. ಪೊಟ್ಟಣದ ಹಿಂದೆ ಘಟಕಗಳ ಪಟ್ಟಿಯಲ್ಲಿ ಕ್ಷಾರದಿಂದ ಸಂಸ್ಕರಿಸಿದ್ದು ಎಂದಿದೆಯೆ ನೋಡಿ.

ಹೃದಯದ ಮಾತು: 21,000ಕ್ಕೂ ಹೆಚ್ಚು ಹಿರಿಯರಿಗೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಅಥವಾ ಹುಸಿಮಾತ್ರೆ ಕೊಟ್ಟು ನಡೆಸಿದ ‘ಕಾಸ್ಮಾಸ್’ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಎಲ್ಲ ಘಟನೆಗಳನ್ನು ಒಟ್ಟಾಗಿ ಎಣಿಸಿದಾಗ ಖಚಿತವೆನ್ನುವಂಥ ಇಳಿಕೆ ಕಾಣಲಿಲ್ಲ. ಹೃದಯರೋಗದಿಂದಾದ ಸಾವುಗಳು ಮಾತ್ರ ಶೇ 27ರಷ್ಟು ಕಡಿಮೆಯಿದ್ದವು, ಅದು ಪ್ರಯೋಗದ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಕೊಟ್ಟದ್ದು ಕೋಕೋ ಸಾರದ ಮಾತ್ರೆ, ಸಕ್ಕರೆ ಬೆರೆತ ಚಾಕೊಲೇಟ್ ಅಲ್ಲ. ಇಷ್ಟವಿದ್ದರೆ ಚಾಕೊಲೇಟ್ ತಿನ್ನಿ, ಔಷಧವೆಂದು ತಿನ್ನಬೇಡಿ.

ಪ್ರಶ್ನೆ: ಧಾನ್ಯಗಳನ್ನು ನೆನೆಸುವುದು, ಮೊಳಕೆ ಕಟ್ಟುವುದು, ಹುದುಗು ಬರಿಸುವುದರಿಂದ ಸತ್ವ ಹೆಚ್ಚುತ್ತದೆಯೆ?

ಉತ್ತರ: ಹೆಚ್ಚುತ್ತದೆ ಎನ್ನುವುದಕ್ಕಿಂತ ಬಿಡುಗಡೆಯಾಗುತ್ತದೆ ಎನ್ನುವುದು ಸರಿ. ಧಾನ್ಯದ ಫಿನಾಲ್‌ಗಳಲ್ಲಿ ಬಹುಪಾಲು ತವುಡಿನ ನಾರಿಗೆ ಬೆಸೆದುಕೊಂಡಿರುತ್ತವೆ: ಮೆಕ್ಕೆಜೋಳದಲ್ಲಿ ಶೇ 85, ಗೋಧಿಯಲ್ಲಿ ಶೇ 76, ಅಕ್ಕಿಯಲ್ಲಿ ಶೇ 62. ಹೊಳಪು ಕೊಡಲೆಂದು ತವುಡನ್ನು ತೆಗೆದರೆ ಇವುಗಳ ಹೆಚ್ಚಿನ ಪಾಲು ಅದರೊಡನೆ ಹೊರಟುಹೋಗುತ್ತದೆ, ಇದು ಯಾವ ಅಡುಗೆಯ ನಷ್ಟಕ್ಕಿಂತಲೂ ದೊಡ್ಡದು. ತವುಡಿರುವ ಧಾನ್ಯವನ್ನು ಮೊಳಕೆ ಕಟ್ಟಿದಾಗ, ಹುದುಗು ಬರಿಸಿದಾಗ, ಕಾಳಿನ ಮತ್ತು ಸೂಕ್ಷ್ಮಜೀವಿಗಳ ಕಿಣ್ವಗಳು ಆ ಬೆಸುಗೆಯನ್ನು ಸಡಿಲಿಸುತ್ತವೆ. ಕಬ್ಬಿಣ, ಸತುಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಒಡೆಯುತ್ತದೆ. ಸೋಯಾ ಅವರೆಯಲ್ಲಿ ಸಕ್ಕರೆಯ ಅಣುವಿಗೆ ಅಂಟಿಕೊಂಡಿರುವ ಐಸೋಫ್ಲೇವೋನ್ ಎಂಬ ಪಾಲಿಫಿನಾಲ್‌ಗಳು ಹುದುಗು ಬಂದಾಗ ಬಿಡಿಯಾಗುತ್ತವೆ. ಬೆಂಕಿಯಿಲ್ಲದೆ, ಸಮಯವನ್ನೇ ಬಳಸಿಕೊಂಡು ನಡೆಯುವ ಸಂಸ್ಕರಣೆ ಇದು.

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ‘ಆ್ಯಂಟಿಆಕ್ಸಿಡೆಂಟ್ ಅಂಕ’ ಮುದ್ರಿಸಿದ ಡಬ್ಬಿಗಳನ್ನು ನೋಡಿ ಹಸಿರು ಚಹಾ ಸಾರದ ಮಾತ್ರೆ ಮತ್ತು ಬೀಟಾ ಕೆರೋಟಿನ್ ಮಾತ್ರೆ ತೆಗೆದುಕೊಳ್ಳತೊಡಗಿದ್ದಾರೆ. ಅವರು ಹಿಂದೆ ಬಹಳ ವರ್ಷ ಧೂಮಪಾನ ಮಾಡಿದವರು. ಸತ್ವವನ್ನು ಹೀಗೆ ಗಟ್ಟಿ ಮಾಡಿ ತೆಗೆದುಕೊಂಡರೆ ಅಡುಗೆಯ ನಷ್ಟದ ಚಿಂತೆಯೇ ಇಲ್ಲ ಎನ್ನುತ್ತಾರೆ.

ಉತ್ತರ: ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಆತಂಕವಾಯಿತು, ಆದ್ದರಿಂದ ಸುತ್ತು ಬಳಸದೆ ಹೇಳುತ್ತೇನೆ. ಬೀಟಾ ಕೆರೋಟಿನ್ ಮಾತ್ರೆಯನ್ನು ಇಂದೇ ನಿಲ್ಲಿಸಲು ಹೇಳಿ. ಫಿನ್‌ಲ್ಯಾಂಡಿನಲ್ಲಿ ಧೂಮಪಾನ ಮಾಡುವ 29,133 ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಯಿತು. ಅಮೆರಿಕದಲ್ಲಿ ಧೂಮಪಾನಿಗಳು, ಅದನ್ನು ಬಿಟ್ಟವರು ಮತ್ತು ಕಲ್ನಾರಿನ ಸಂಪರ್ಕಕ್ಕೆ ಬಂದಿದ್ದವರ ಮೇಲೆ ನಡೆಯುತ್ತಿದ್ದ ಇಂಥದೇ ಪ್ರಯೋಗವನ್ನು ಅದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಕ್ಯಾರೆಟ್ ತಿನ್ನುವುದರಿಂದ ಇಂಥ ಅಪಾಯ ಕಂಡುಬಂದಿಲ್ಲ. ಸಸ್ಯದಿಂದ ಒಂದು ಅಣುವನ್ನು ಬೇರ್ಪಡಿಸಿ ಗಟ್ಟಿ ಮಾಡುವುದೂ ಸಂಸ್ಕರಣೆಯೇ, ಎಲ್ಲಕ್ಕಿಂತ ತೀವ್ರವಾದ ಸಂಸ್ಕರಣೆ.

ಡಬ್ಬಿಯ ಮೇಲಿನ ಅಂಕಕ್ಕೆ ಬೆಲೆ ಕೊಡಬೇಡಿ. ಗಾಜಿನ ನಳಿಕೆಯಲ್ಲಿ ಅಳೆದ ಅಂಥ ಅಂಕಗಳ ದೊಡ್ಡ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆಯೇ ಪ್ರಕಟಿಸಿತ್ತು. ಆ ಸಂಖ್ಯೆಗಳಿಗೂ ದೇಹದಲ್ಲಿ ಆಗುವ ಪರಿಣಾಮಕ್ಕೂ ಸಂಬಂಧವಿರುವುದಕ್ಕೆ ಆಧಾರವಿಲ್ಲವೆಂದು 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಪಾಲಿಫಿನಾಲ್‌ಗಳಲ್ಲಿ ಸ್ವಲ್ಪ ಭಾಗ ಮಾತ್ರ ಹಾಗೆಯೇ ರಕ್ತಕ್ಕೆ ಸೇರುತ್ತದೆ. ಉಳಿದುದನ್ನು ಕರುಳಿನ ಸೂಕ್ಷ್ಮಜೀವಿಗಳು ಬೇರೆ ಅಣುಗಳಾಗಿ ಒಡೆಯುತ್ತವೆ, ಅವು ನಳಿಕೆಯಲ್ಲಿ ಅಳೆದ ವಸ್ತುವೇ ಆಗಿರುವುದಿಲ್ಲ.

ಹಸಿರು ಚಹಾ ಸಾರದ ಮಾತ್ರೆಯ ಡಬ್ಬಿಯಲ್ಲಿ ಇಜಿಸಿಜಿ ಎಂಬ ಕ್ಯಾಟೆಚಿನ್ ಎಷ್ಟು ಮಿಲಿಗ್ರಾಂ ಎಂದು ಬರೆದಿದೆಯೋ ನೋಡಿ, ಅವರು ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಾರೋ ಲೆಕ್ಕ ಹಾಕಿ. ಪೂರಕಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡವರಲ್ಲಿ ಯಕೃತ್ತಿಗೆ ಹಾನಿಯಾಗುತ್ತಿರುವ ಸೂಚನೆಗಳು ಕಂಡಿವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ತಿಳಿಸಿದೆ. ಆ ಮಾತ್ರೆಯನ್ನೂ ನಿಲ್ಲಿಸಿ, ಎರಡೂ ಡಬ್ಬಿಗಳನ್ನು ವೈದ್ಯರಿಗೆ ತೋರಿಸಿ, ಯಕೃತ್ತಿನ ರಕ್ತಪರೀಕ್ಷೆ ಬೇಕೆ ಎಂದು ಕೇಳಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಹೊಟ್ಟೆಯ ಬಲಭಾಗದಲ್ಲಿ ನೋವು ಬಂದರೆ ಒಂದು ದಿನವೂ ಕಾಯಬೇಡಿ. ಲೋಟದಲ್ಲಿ ಕುದಿಸಿ ಕುಡಿಯುವ ಹಸಿರು ಚಹಾ ಸಾಮಾನ್ಯವಾಗಿ ಸುರಕ್ಷಿತವೆಂದು ಅದೇ ಪ್ರಾಧಿಕಾರ ಹೇಳಿದೆ. ತಂದೆಯವರಿಗೆ ಆ ರುಚಿ ಹಿಡಿಸಿದ್ದರೆ ದಿನಕ್ಕೆ ಎರಡು ಮೂರು ಲೋಟ ಕುಡಿಯಲು ಅಡ್ಡಿಯಿಲ್ಲ.